ಘಾಟಿ ಏರುವಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅತಿಯಾಗಿ ಕಾಯುವುದೇಕೆ: ದೋಷ ಪತ್ತೆಹಚ್ಚುವ ಕ್ರಮ

ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬರುವ ಆಟೊಮ್ಯಾಟಿಕ್ ಕಾರುಗಳಲ್ಲಿ ಕೆಲವು ಕೊಟ್ಟಿಗೆಹಾರ ಮುಟ್ಟುವ ಮೊದಲೇ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ತೋರಿಸುತ್ತವೆ; ಮತ್ತೆ ಕೆಲವು ಯಾವ ಎಚ್ಚರಿಕೆಯನ್ನೂ ಕೊಡದೆ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಆಕ್ಸಿಲರೇಟರ್ ಒತ್ತಿದರೂ ಎಳೆಯದೆ ನಿಂತುಬಿಡುತ್ತವೆ. ಮೂಡಿಗೆರೆಯ ನಮ್ಮ ಗ್ಯಾರೇಜಿಗೆ ಮಳೆಗಾಲ ಕಳೆದ ಮೇಲೆ, ಅದರಲ್ಲೂ ಧರ್ಮಸ್ಥಳಕ್ಕೆ ಹೋಗಿಬರುವವರು ಹೆಚ್ಚುವ ರಜೆಯ ದಿನಗಳಲ್ಲಿ, ಇಂಥ ಗಾಡಿಗಳು ತಪ್ಪದೆ ಬರುತ್ತವೆ. ತಂದವರಲ್ಲಿ ಹೆಚ್ಚಿನವರು ಗೇರ್‌ಬಾಕ್ಸೇ ಹೋಯಿತೆಂದು ತೀರ್ಮಾನಿಸಿಕೊಂಡು ಬಂದಿರುತ್ತಾರೆ. ನಮ್ಮ ಅನುಭವದಲ್ಲಿ ಮೊದಲ ಸಲಕ್ಕೆ ಅದು ಹೋಗಿರುವುದು ಅಪರೂಪ. ಆದರೆ ಕಾರಣ ಹುಡುಕದೆ ಎಣ್ಣೆ ಬದಲಿಸಿ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಅಳಿಸಿ ಕಳಿಸಿದ ಗಾಡಿ ಮತ್ತೊಮ್ಮೆ ಬರುವಾಗ ನಿಜವಾಗಿಯೂ ಹೋಗಿರುತ್ತದೆ.

ಈ ಬರಹ ಮುಖ್ಯವಾಗಿ, ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸುಗಳ ಕುರಿತದ್ದು. ಬೇರೆ ಬಗೆಯ ಆಟೊಮ್ಯಾಟಿಕ್ಕುಗಳಾದ ಸಿವಿಟಿ (ಬೆಲ್ಟು-ಪುಲ್ಲಿಯದು), ಡಿಸಿಟಿ (ಎರಡು ಕ್ಲಚ್ಚಿನದು), ಎಎಂಟಿ (ಯಂತ್ರವೇ ಕ್ಲಚ್ ಒತ್ತುವುದು) ಇವುಗಳ ಮಾತು ಕೊನೆಯಲ್ಲಿ ಸ್ವಲ್ಪ ಬರುತ್ತದೆ. ಯಾವ ಗಾಡಿಯೇ ಇರಲಿ, ಪರೀಕ್ಷಿಸುವವರು ಮೊದಲು ತಿಳಿಯಬೇಕಾದುದು ಇಷ್ಟು: ಬಿಸಿ ಹುಟ್ಟುವುದು ಹೆಚ್ಚಾಗಿದೆಯೋ, ಹುಟ್ಟಿದ ಬಿಸಿ ಹೊರಹೋಗುವುದು ಕಡಿಮೆಯಾಗಿದೆಯೋ, ಅಥವಾ ಬಿಸಿಯೇ ಇಲ್ಲದೆ ಸೆನ್ಸರ್ ಸುಳ್ಳು ಹೇಳುತ್ತಿದೆಯೋ. ಇದನ್ನು ಗೊತ್ತುಮಾಡಿಕೊಳ್ಳದೆ ಕೈಹಾಕಿದ ರಿಪೇರಿಯೆಲ್ಲ ಊಹೆಯೇ ಆಗುತ್ತದೆ.

ಬಿಸಿ ಎಲ್ಲಿ ಹುಟ್ಟುತ್ತದೆ

ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ ಕಡೆಯ ಇಂಪೆಲ್ಲರ್ ಎಣ್ಣೆಯನ್ನು ಬೀಸಿ ಎಸೆಯುತ್ತದೆ. ಗೇರ್‌ಬಾಕ್ಸ್ ಕಡೆಯ ಟರ್ಬೈನ್ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗದಿದ್ದಾಗ, ಅಂದರೆ ಸ್ಲಿಪ್ ಇರುವಾಗ, ಇಂಜಿನ್ ಕೊಟ್ಟ ಶಕ್ತಿಯ ಒಂದು ಪಾಲು ಚಕ್ರಕ್ಕೆ ತಲುಪದೆ ಎಣ್ಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ವೇಗ ಒಂದು ಮಟ್ಟಕ್ಕೆ ಬಂದ ಮೇಲೆ ಲಾಕ್‌ಅಪ್ ಕ್ಲಚ್ ಎರಡನ್ನೂ ಕಟ್ಟಿಹಾಕಿ ಈ ನಷ್ಟವನ್ನು ನಿಲ್ಲಿಸುತ್ತದೆ. ಆದರೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ, ಮುಂದೆ ತೆವಳುವ ಲಾರಿಯ ಹಿಂದೆ ಗಂಟೆಗೆ 15–20 ಕಿಲೋಮೀಟರಿನಲ್ಲಿ ಹತ್ತುವಾಗ, ಲಾಕ್‌ಅಪ್ ಹಿಡಿಯುವುದಕ್ಕೆ ಅವಕಾಶವೇ ಸಿಗುವುದಿಲ್ಲ.

ಅಂಥ ಸಮಯದಲ್ಲಿ ಇಂಜಿನ್ 30 ಕಿಲೋವ್ಯಾಟ್ ಕೊಡುತ್ತಿದ್ದು, ಅದರಲ್ಲಿ ಐದನೆಯ ಒಂದು ಪಾಲು ಕನ್ವರ್ಟರಿನಲ್ಲಿ ನಷ್ಟವಾಗುತ್ತಿದೆ ಎಂದಿಟ್ಟುಕೊಳ್ಳೋಣ. ಅದು 6 ಕಿಲೋವ್ಯಾಟ್. ಬಕೆಟ್‌ನಲ್ಲಿ ಸ್ನಾನಕ್ಕೆ ನೀರು ಕಾಯಿಸುವ 1500 ವ್ಯಾಟಿನ ರಾಡುಗಳು ನಾಲ್ಕನ್ನು ಒಟ್ಟಿಗೆ ಏಳು ಲೀಟರ್ ಎಣ್ಣೆಗೆ ಇಳಿಬಿಟ್ಟಂತೆ ಆಯಿತು. ಗೇರ್‌ಬಾಕ್ಸಿನ ಲೋಹ ಬಿಸಿಯನ್ನು ಹೀರದಿದ್ದರೆ, ಎಣ್ಣೆ ತಣಿಸುವ ಕೂಲರ್ ಕೆಲಸ ಮಾಡದಿದ್ದರೆ, ಎಣ್ಣೆಯ ಉಷ್ಣತೆ ನಿಮಿಷಕ್ಕೆ ಸುಮಾರು 30 ಡಿಗ್ರಿ ಏರುತ್ತದೆ. ಲೋಹವಿರುವುದರಿಂದ ಅಷ್ಟು ಬೇಗ ಏರುವುದಿಲ್ಲ. ಆದರೂ ಕೂಲರ್ ಸೋತರೆ ಅರ್ಧ ಘಾಟಿ ಸಾಕು.

ಸಾಮಾನ್ಯ ಓಟದಲ್ಲಿ ಎಣ್ಣೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕಡಿದಾದ ಏರಿನಲ್ಲಿ ಸ್ವಲ್ಪ ಹೊತ್ತು 105–110 ಮುಟ್ಟಿದರೆ ಗಾಬರಿ ಬೇಡ. 115–120 ದಾಟಿದರೆ ಎಣ್ಣೆ ಒಡೆಯಲಾರಂಭಿಸಿ ಎಣ್ಣೆಯ ಒತ್ತಡವನ್ನು ಹಂಚುವ ವಾಲ್ವ್ ಬಾಡಿಯೊಳಗೆ ಅಂಟಿನಂಥ ಲೇಪ ಕೂರುತ್ತದೆ, 130ರ ಹತ್ತಿರ ರಬ್ಬರ್ ಸೀಲುಗಳು ಗಡುಸಾಗುತ್ತವೆ, 145 ದಾಟಿದ ಮೇಲೆ ಒಳಗೆ ಗೇರುಗಳನ್ನು ಹಿಡಿಯುವ ಕ್ಲಚ್ ಪ್ಲೇಟುಗಳು ಸೀಯುತ್ತವೆ. ಪ್ರತಿ 10–11 ಡಿಗ್ರಿ ಹೆಚ್ಚುವರಿ ಬಿಸಿಗೆ ಎಣ್ಣೆಯ ಆಯುಷ್ಯ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ಈ ಕೆಲಸದವರೆಲ್ಲ ಬಳಸುವ ಅಂದಾಜು. ಇವೆಲ್ಲ ಗಡಿ ಕಲ್ಲುಗಳಲ್ಲ. ಎಣ್ಣೆಯ ಗುಣ, ಎಷ್ಟು ಹೊತ್ತು ಕಾಯಿತು ಎಂಬುದನ್ನು ಅವಲಂಬಿಸಿ ಆಚೀಚೆ ಆಗುತ್ತವೆ.

ದಾರಿಯಲ್ಲೇ ಎಚ್ಚರಿಕೆ ಬಂದಾಗ

ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಹೇಗೂ ಗಾಡಿಗಳು ನಿಲ್ಲುತ್ತವೆ. ಅಂಥ ಅಗಲವಾದ ಜಾಗ ನೋಡಿ ನಿಲ್ಲಿಸಬೇಕು, ತಿರುವಿನಲ್ಲಿ ಅಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ‘ಪಿ’ಗೆ ಹಾಕಿ, ಎಸಿ ನಿಲ್ಲಿಸಿ, ಇಂಜಿನ್ ಮಾತ್ರ ಓಡುತ್ತಿರಲಿ. ಇಲ್ಲೇ ಹೆಚ್ಚಿನವರು ತಪ್ಪುವುದು: ಬಿಸಿಯಾಗಿದೆ ಎಂದರೆ ತಕ್ಷಣ ಕೀಲಿ ತಿರುಗಿಸಿ ಇಂಜಿನ್ ಆರಿಸುತ್ತಾರೆ. ಗೇರ್‌ಬಾಕ್ಸಿನ ಎಣ್ಣೆ ಪಂಪು ತಿರುಗುವುದು ಇಂಜಿನ್ನಿನಿಂದ. ಅದು ನಿಂತರೆ ಎಣ್ಣೆ ಕೂಲರಿಗೆ ಹೋಗುವುದೇ ಇಲ್ಲ, ಕಾದ ಎಣ್ಣೆ ಕಾದ ಕ್ಲಚ್ಚಿನ ಸುತ್ತಲೇ ಕೂರುತ್ತದೆ. ಹತ್ತು ಹದಿನೈದು ನಿಮಿಷ ಹಾಗೆ ಓಡಿಸಿದರೆ ಸಾಮಾನ್ಯವಾಗಿ ಎಚ್ಚರಿಕೆ ಮಾಯವಾಗುತ್ತದೆ. ಎರಡು ಸಂದರ್ಭಗಳಲ್ಲಿ ಮಾತ್ರ ಇಂಜಿನ್ ಆರಿಸಲೇಬೇಕು: ಇಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಕೆಂಪು ಗೆರೆಗೆ ಬಂದಿದ್ದರೆ, ಇಲ್ಲವೇ ಗಾಡಿಯ ಕೆಳಗೆ ಎಣ್ಣೆ ಸುರಿಯುತ್ತಿದ್ದರೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವುದು, ಗೇರ್‌ಬಾಕ್ಸಿನ ಮೇಲೆ ತಣ್ಣೀರು ಎರಚುವುದು ಎರಡೂ ಕೂಡದು.

ಗಾಡಿಯನ್ನು ಎಳೆಸಿಕೊಂಡು ಹೋಗಬೇಕಾದರೆ ಇಂಜಿನ್ನಿನ ಶಕ್ತಿ ಹೋಗುವ ಚಕ್ರಗಳು ನೆಲಕ್ಕೆ ತಾಗದಂತೆ ಎತ್ತಿಸಬೇಕು, ಸಾಧ್ಯವಾದರೆ ಇಡೀ ಗಾಡಿಯನ್ನೇ ಹೇರಿಸಬೇಕು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರನ್ನು ನ್ಯೂಟ್ರಲ್ ಹಾಕಿ ಹಗ್ಗ ಕಟ್ಟಿ ಎಳೆದರೆ, ಪಂಪು ನಿಂತಿರುವ ಗೇರ್‌ಬಾಕ್ಸು ಒಣಗಿದ ಹಾಗೆಯೇ ತಿರುಗುತ್ತದೆ. ಘಾಟಿಯಲ್ಲಿ ಕೆಟ್ಟಿರದಿದ್ದ ಗೇರ್‌ಬಾಕ್ಸು ಗ್ಯಾರೇಜಿಗೆ ಬರುವಷ್ಟರಲ್ಲಿ ಕೆಟ್ಟದ್ದನ್ನು ನಾವು ಕಂಡಿದ್ದೇವೆ.

ಮೊದಲು ಮಾತು, ಆಮೇಲೆ ಸ್ಪ್ಯಾನರ್

ಬಾನೆಟ್ ಎತ್ತುವ ಮೊದಲು ಗಾಡಿ ಓಡಿಸಿದವರನ್ನೇ ಕೇಳಿ ತಿಳಿಯುವುದು ಬಹಳಷ್ಟಿದೆ. ಎಚ್ಚರಿಕೆ ಬಂದದ್ದು ಏರಿನಲ್ಲೋ, ಜಾಮಿನಲ್ಲೋ, ಸಮತಟ್ಟಾದ ಹೆದ್ದಾರಿಯಲ್ಲೋ? ಹೆದ್ದಾರಿಯಲ್ಲಿ 80ರ ವೇಗದಲ್ಲಿ, ಗಾಳಿ ಧಾರಾಳವಾಗಿ ಬೀಸುತ್ತಿರುವಾಗಲೂ ಬಿಸಿಯಾಗಿದ್ದರೆ ಸಂಶಯ ಲಾಕ್‌ಅಪ್ ಕ್ಲಚ್ಚಿನ ಕಡೆಗೆ, ಇಲ್ಲವೇ ಎಣ್ಣೆಯೇ ಹರಿಯದ ಕೂಲರಿನ ಕಡೆಗೆ ತಿರುಗುತ್ತದೆ. ಜಾಮಿನಲ್ಲಿ ಮಾತ್ರ ಆಗುತ್ತಿದ್ದರೆ ಫ್ಯಾನಿನ ಕಡೆಗೆ. ಇತ್ತೀಚೆಗೆ ಎಲ್ಲಾದರೂ ಎಣ್ಣೆ ಬದಲಿಸಿದ್ದಾರೆಯೇ, ರೇಡಿಯೇಟರ್ ಕೆಲಸ ಆಗಿದೆಯೇ, ಮುಂಭಾಗದಲ್ಲಿ ಹೆಚ್ಚುವರಿ ದೀಪವನ್ನೋ ಜಾಲರಿಯನ್ನೋ ಹಾಕಿಸಿದ್ದಾರೆಯೇ ಎಂಬುದನ್ನೂ ಕೇಳಬೇಕು. ಆಯುಧಪೂಜೆ ಕಳೆದ ವಾರಗಳಲ್ಲಿ ನಾವು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳುತ್ತೇವೆ: ಹಾರವನ್ನು ತೆಗೆದಿರೋ, ಅದು ತಾನಾಗಿ ಉದುರಿಹೋಯಿತೋ? ಉದುರಿದ ಚೆಂಡುಹೂವಿನ ಎಸಳುಗಳೆಲ್ಲ ರಸ್ತೆಗೇ ಬೀಳುವುದಿಲ್ಲ.

ತೋರಿಸುವ ಬಿಸಿ ನಿಜವೇ

ಸ್ಕ್ಯಾನರ್ ಹಾಕಿದಾಗ ಪಿ0218 ಎಂಬ ಕೋಡ್ ಬಂದಿದ್ದರೆ ಎಣ್ಣೆ ಅತಿಯಾಗಿ ಕಾದಿದೆ ಎಂದು ಗೇರ್‌ಬಾಕ್ಸಿನ ಕಂಪ್ಯೂಟರ್ ದಾಖಲಿಸಿದೆ ಎಂದರ್ಥ. ಪಿ0710ರಿಂದ ಪಿ0714ರವರೆಗಿನ ಕೋಡುಗಳು ಉಷ್ಣತೆಯ ಸೆನ್ಸರಿನ ಸರ್ಕ್ಯೂಟಿಗೆ ಸೇರಿದವು. ಎರಡು ಬಗೆಯವೂ ಒಟ್ಟಿಗೆ ಇದ್ದರೆ ಸೆನ್ಸರನ್ನು ಮೊದಲು ನೋಡಬೇಕು. ಪಿ0700 ಒಂದೇ ಇದ್ದರೆ ಅದು ಬರೀ ಕರೆಗಂಟೆ. ಒಳಗೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಕುಳಿತಿದೆ ಎಂದು ಹೇಳುತ್ತದೆ ಅಷ್ಟೆ. ಅಗ್ಗದ ಸ್ಕ್ಯಾನರುಗಳು ಅಲ್ಲಿಯವರೆಗೆ ಹೋಗುವುದಿಲ್ಲ. ಏನೇ ಬಂದರೂ ಅಳಿಸುವ ಮೊದಲು ಬರೆದುಕೊಳ್ಳಬೇಕು. ಕೋಡ್ ಬಿದ್ದ ಕ್ಷಣದ ವೇಗ, ಗೇರು, ಉಷ್ಣತೆಗಳ ದಾಖಲೆಯಿದ್ದರೆ ಅದನ್ನೂ.

ಸೆನ್ಸರನ್ನು ನಂಬಬಹುದೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಇಂಜಿನ್ ಶುರುಮಾಡದೆ ಕೀಲಿ ಮಾತ್ರ ತಿರುಗಿಸಿ, ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ, ಇಂಜಿನ್ ತಣಿಸುವ ದ್ರವವಾದ ಕೂಲೆಂಟಿನ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಮೂರನ್ನೂ ಓದಬೇಕು. ಮೂರೂ ನಾಲ್ಕೈದು ಡಿಗ್ರಿಯೊಳಗೆ ಹೊಂದಬೇಕು. ಎರಡು 21 ಎಂದು, ಗೇರ್‌ಬಾಕ್ಸಿನದು ಮಾತ್ರ 48 ಎಂದು ಹೇಳಿದರೆ ಸುಳ್ಳು ಹೇಳುತ್ತಿರುವವರು ಯಾರೆಂದು ಗೊತ್ತಾಯಿತು. ಈ ಸೆನ್ಸರುಗಳಲ್ಲಿ ಹೆಚ್ಚಿನವು ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಬಗೆಯವು. ಆದ್ದರಿಂದ ವೈರಿಂಗಿನಲ್ಲಿ ಶಾರ್ಟ್ ಆದರೆ ಅತಿ ಬಿಸಿಯೆಂದೂ, ವೈರ್ ತುಂಡಾದರೆ ಅತಿ ತಂಪೆಂದೂ ತೋರಿಸುತ್ತವೆ.

ಹೊರಗಿನಿಂದ ಅಳೆಯಲು ಇನ್ಫ್ರಾರೆಡ್ ಗನ್ ಬಳಸುವವರಿಗೆ ಒಂದು ಮಾತು. ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ, ಹೊಳೆಯುವ ಅಲ್ಯೂಮಿನಿಯಂ ಚೇಂಬರಿಗೆ ನೇರವಾಗಿ ಗನ್ ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ಅಂಕಿ ಬರುತ್ತದೆ. ಅದನ್ನು ನಂಬಿ ಗೇರ್‌ಬಾಕ್ಸ್ ತಣ್ಣಗಿದೆ, ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿದವರಿದ್ದಾರೆ. ಚೇಂಬರನ್ನು ಒರೆಸಿ, ವೈರಿಂಗಿಗೆ ಸುತ್ತುವ ಕರಿ ಟೇಪಿನ ಒಂದು ತುಂಡು ಅಂಟಿಸಿ, ಅದು ಕಾಯಲು ಒಂದೆರಡು ನಿಮಿಷ ಬಿಟ್ಟು, ಆ ಟೇಪಿಗೆ ಗನ್ ಹಿಡಿಯಬೇಕು.

ಎಣ್ಣೆಯನ್ನು ಓದುವುದು

ಎಣ್ಣೆಯ ಮಟ್ಟ ನೋಡುವುದು ಸುಲಭದ ಕೆಲಸವೆಂದು ತೋರುತ್ತದೆ, ಆದರೆ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಹಳೆಯ ಗಾಡಿಗಳಲ್ಲಿ ಆಯಿಲ್ ಸ್ಟಿಕ್ ಇರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಎಣ್ಣೆ ಬಿಸಿಯಾಗಿ, ಇಂಜಿನ್ ಓಡುತ್ತಿರುವಾಗ, ಸಮನೆಲದಲ್ಲಿ ನೋಡಬೇಕು. ಈಗಿನವುಗಳಲ್ಲಿ ಸ್ಟಿಕ್ಕೇ ಇಲ್ಲ. ಗೇರ್‌ಬಾಕ್ಸಿನ ಕೆಳಗೋ ಪಕ್ಕದಲ್ಲೋ ಒಂದು ಚೆಕ್ ಪ್ಲಗ್ ಇರುತ್ತದೆ. ಎಣ್ಣೆ ತಯಾರಕರು ಹೇಳಿದ ಉಷ್ಣತೆಯಲ್ಲಿ, ಅನೇಕ ಗಾಡಿಗಳಲ್ಲಿ 40 ಡಿಗ್ರಿಯ ಆಸುಪಾಸಿನಲ್ಲಿ, ಇರುವಾಗ ಇಂಜಿನ್ ಓಡುತ್ತಲೇ ಅದನ್ನು ಬಿಚ್ಚಿ, ಎಣ್ಣೆ ಸಣ್ಣ ದಾರದಂತೆ ಇಳಿದು ತೊಟ್ಟಿಕ್ಕಲು ತೊಡಗಿದಾಗ ಮುಚ್ಚಬೇಕು. ಘಾಟಿ ಹತ್ತಿ ಬಂದ ಗಾಡಿಯ ಪ್ಲಗ್ಗನ್ನು ಬಂದ ಬಿಸಿಯಲ್ಲೇ ಬಿಚ್ಚಿದರೆ ಹಿಗ್ಗಿದ ಎಣ್ಣೆ ಧಾರೆಯಾಗಿ ಹೊರಬರುತ್ತದೆ. ಹೆಚ್ಚಾಗಿದೆ ಎಂದು ಅದನ್ನು ಹರಿಯಬಿಟ್ಟರೆ, ತಣ್ಣಗಾದ ಮೇಲೆ ಹೆಚ್ಚುಕಡಿಮೆ ಕಾಲು ಲೀಟರ್ ಕೊರತೆಯಾಗಿರುತ್ತದೆ. ಕಡಿಮೆಯಾದರೆ ತಿರುವಿನಲ್ಲಿ, ಏರಿನಲ್ಲಿ ಪಂಪು ಗಾಳಿ ಹೀರಿ ಒತ್ತಡ ಬಿದ್ದು ಕ್ಲಚ್ಚುಗಳು ಸ್ಲಿಪ್ ಆಗುತ್ತವೆ. ಹೆಚ್ಚಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತವೆ. ನೊರೆಯ ಎಣ್ಣೆ ಒತ್ತಡವನ್ನೂ ಹಿಡಿಯದು, ಬಿಸಿಯನ್ನೂ ಒಯ್ಯದು.

ಬಣ್ಣವನ್ನು ಮಾತ್ರ ನೋಡಿ ತೀರ್ಪು ಕೊಡಬಾರದು. ಎಲ್ಲ ಎಣ್ಣೆಗಳೂ ಕೆಂಪಾಗಿರುವುದಿಲ್ಲ. ಕೆಂಪಾಗಿರುವುದೂ ಕೆಲವು ಸಾವಿರ ಕಿಲೋಮೀಟರಿನಲ್ಲಿ ಕಂದಾಗಬಹುದು. ನಾವು ಮಾಡುವುದು ಇಷ್ಟು: ಬಿಳಿ ಟಿಶ್ಯೂ ಕಾಗದದ ಮೇಲೆ ಎರಡು ಹನಿ ಬಿಟ್ಟು ಅರ್ಧ ಗಂಟೆ ಬಿಡುತ್ತೇವೆ. ಹನಿ ಅಗಲವಾಗಿ, ಒಂದೇ ತಿಳಿ ಬಣ್ಣದಲ್ಲಿ ಹರಡಿದರೆ ಎಣ್ಣೆಗೆ ಇನ್ನೂ ಜೀವವಿದೆ. ನಡುವೆ ಕಪ್ಪು ಚುಕ್ಕೆ ನಿಂತು ಅಂಚು ಹರಡದೆ ಉಳಿದರೆ, ಮೂಗಿಗೆ ಹಿಡಿದಾಗ ತಳ ಹಿಡಿದ ಪಾತ್ರೆಯ ಸೀದ ವಾಸನೆ ಬಂದರೆ, ಕ್ಲಚ್ಚಿನ ಲೈನಿಂಗ್ ಎಣ್ಣೆಗೆ ಇಳಿದಿದೆ ಎಂದು ತಿಳಿಯಬೇಕು. ಚೇಂಬರ್ ಬಿಚ್ಚಿದಾಗ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ.

ಎಣ್ಣೆ ಬೇಕರಿಯ ರೋಸ್ ಮಿಲ್ಕಿನಂತೆ ತಿಳಿ ಗುಲಾಬಿಯಾಗಿ ಮಬ್ಬುಗಟ್ಟಿದ್ದರೆ ಅಲ್ಲಿಗೆ ಪರೀಕ್ಷೆ ನಿಲ್ಲಿಸಿ, ಇಂಜಿನ್ನನ್ನು ಮತ್ತೆ ಶುರುಮಾಡದಿರುವುದು ಲೇಸು. ಅನೇಕ ಗಾಡಿಗಳಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಕೂಲರ್ ರೇಡಿಯೇಟರಿನ ಪಕ್ಕದ ಟ್ಯಾಂಕಿನೊಳಗೇ ಇರುತ್ತದೆ. ಅದು ತೂತಾದರೆ ಓಡುವಾಗ ಒತ್ತಡ ಹೆಚ್ಚಿರುವ ಎಣ್ಣೆ ಕೂಲೆಂಟಿಗೆ ಸೇರುತ್ತದೆ, ನಿಲ್ಲಿಸಿದ ಮೇಲೆ ಇನ್ನೂ ಒತ್ತಡ ಉಳಿದಿರುವ ಕೂಲೆಂಟ್ ಎಣ್ಣೆಗೆ ಸೇರುತ್ತದೆ. ಕೂಲೆಂಟಿನ ಟ್ಯಾಂಕಿನಲ್ಲಿ ಜಿಡ್ಡು ತೇಲುತ್ತಿದ್ದರೆ ಅದೇ ಸಾಕ್ಷಿ. ಕೂಲೆಂಟಿನ ಗ್ಲೈಕಾಲ್ ಮತ್ತು ನೀರು ಕ್ಲಚ್ ಪ್ಲೇಟಿನ ಲೈನಿಂಗನ್ನು ಹಿಡಿದಿಟ್ಟ ಅಂಟನ್ನು ಸಡಿಲಿಸುತ್ತವೆ. ರೇಡಿಯೇಟರ್ ಬದಲಿಸಿ ಎಣ್ಣೆಯನ್ನು ಎಷ್ಟು ಸಲ ತೊಳೆದರೂ, ಬಹಳ ದಿನ ಹಾಗೆ ಓಡಿದ ಗೇರ್‌ಬಾಕ್ಸಿಗೆ ಭರವಸೆ ಕೊಡಲಾಗದು ಎಂದು ಮಾಲೀಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಿಸಿ ಹೊರಹೋಗುವ ದಾರಿ: ಒಂದು ಗಾಡಿಯ ಕಥೆ

ಕಳೆದ ಮಾರ್ಚ್‌ನಲ್ಲಿ ಎಂಟು ವರ್ಷ ಹಳೆಯ, ಏಳು ಸೀಟಿನ ಡೀಸೆಲ್ ಗಾಡಿಯೊಂದು ಬಂದಿತು. ಘಾಟಿ ಹತ್ತುವಾಗಲೆಲ್ಲ ಎಚ್ಚರಿಕೆ. ಊರೊಳಗೆ ಏನೂ ಇಲ್ಲ. ಬೇರೊಂದು ಕಡೆ ತೋರಿಸಿದ್ದರು; ಅಲ್ಲಿ ಎಣ್ಣೆ ಬದಲಿಸಿ, ಮತ್ತೆ ಬಂದರೆ ಟಾರ್ಕ್ ಕನ್ವರ್ಟರ್ ಬದಲಿಸಬೇಕೆಂದು ಹೇಳಿ ಕಳಿಸಿದ್ದರು. ಇಂಜಿನ್ ಬಿಸಿಯಾಗುತ್ತಿತ್ತೇ ಎಂದು ಕೇಳಿದರೆ, “ಇಲ್ಲ ಸಾರ್, ಮುಳ್ಳು ನಟ್ಟನಡುವೆಯೇ ಇತ್ತು” ಎಂಬ ಉತ್ತರ ಬಂತು. ಮಾಲೀಕರು ಹೇಳಿದ್ದು ನಿಜ, ಆದರೆ ಮುಳ್ಳು ಹೇಳಿದ್ದು ನಿಜವಲ್ಲ. ಅನೇಕ ಗಾಡಿಗಳಲ್ಲಿ ಕೂಲೆಂಟ್ ಸುಮಾರು 80ರಿಂದ 105 ಡಿಗ್ರಿಯವರೆಗೆ ಎಲ್ಲಿದ್ದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಓಡಿಸುವವರು ಸುಮ್ಮನೆ ಗಾಬರಿಯಾಗದಿರಲಿ ಎಂದು.

ಸ್ಕ್ಯಾನರ್ ಹಾಕಿಕೊಂಡು, ಐದು ಜನ ಕೂತು, ಅದೇ ಘಾಟಿ ಹತ್ತಿದೆವು. ಚಾರ್ಮಾಡಿ ಹಳ್ಳಿಯಲ್ಲಿ ಕೂಲೆಂಟ್ 92, ಗೇರ್‌ಬಾಕ್ಸ್ 91. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಬರುವಾಗ ಕೂಲೆಂಟ್ 104, ಗೇರ್‌ಬಾಕ್ಸ್ 112, ಮುಳ್ಳು ನಟ್ಟನಡುವೆ. ಏರಿಕೆಯ ಕ್ರಮವೇ ಗಮನಿಸಬೇಕಾದದ್ದು: ಪ್ರತಿ ಸಲವೂ ಕೂಲೆಂಟ್ ಮೊದಲು ಏರಿತು, ಗೇರ್‌ಬಾಕ್ಸ್ ಅದರ ಹಿಂದೆ ಏರಿತು. ಲಾಕ್‌ಅಪ್ ಹಿಡಿದ ಸಣ್ಣ ಸಣ್ಣ ಹೊತ್ತಿನಲ್ಲಿ ಇಂಜಿನ್ ವೇಗಕ್ಕೂ ಟರ್ಬೈನ್ ವೇಗಕ್ಕೂ ವ್ಯತ್ಯಾಸವೇ ಇರಲಿಲ್ಲ. ಕೂಲೆಂಟಿನಿಂದ ತಣಿಯುವ ಎಣ್ಣೆ ಕೂಲೆಂಟಿಗಿಂತ ತಣ್ಣಗಾಗಲಾರದು. ಆದ್ದರಿಂದ ಎರಡೂ ಜೊತೆಯಾಗಿ ಏರಿದರೆ ಇಂಜಿನ್ನಿನ ಕೂಲಿಂಗನ್ನು ನೋಡಬೇಕು. ಕೂಲೆಂಟ್ 90ರಲ್ಲೇ ನಿಂತು ಗೇರ್‌ಬಾಕ್ಸ್ ಒಂದೇ ಏರಿದರೆ ಎಣ್ಣೆಯ ಹರಿವನ್ನೋ ಸ್ಲಿಪ್ಪನ್ನೋ ನೋಡಬೇಕು. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಉಪಯೋಗದ ಕವಲು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮುಂದಿನಿಂದ ನೋಡಿದರೆ ಎಸಿಯ ಕಂಡೆನ್ಸರ್ ತಕ್ಕಮಟ್ಟಿಗೆ ಶುಚಿಯಾಗಿತ್ತು. ಅದರ ಹಿಂದೆ, ರೇಡಿಯೇಟರಿಗೂ ಅದಕ್ಕೂ ನಡುವಿನ ಎರಡು ಬೆರಳಿನ ಸಂದಿಯನ್ನು ನೋಡಲು ಮೇಲಿನ ಪಟ್ಟಿ ಬಿಚ್ಚಿ ಕಂಡೆನ್ಸರನ್ನು ಮುಂದಕ್ಕೆ ವಾಲಿಸಬೇಕಾಯಿತು. ರೇಡಿಯೇಟರಿನ ಕೆಳಗಿನ ಅರ್ಧದ ಮೇಲೆ ಕೆಂಪು ಮಣ್ಣು, ಹಾತೆಗಳ ರೆಕ್ಕೆ, ಒಣಹುಲ್ಲು, ಹೂವಿನ ಎಸಳು ಎಲ್ಲ ಸೇರಿ ಹಳೆಯ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು. ಒಂದು ಮೂಲೆಯಲ್ಲಿ ಬೆರಳು ತೂರಿಸಿ ಎಳೆದಾಗ ಹಾಳೆಯಂತೆ ಸುಲಿದು ಬಂತು. ಇದನ್ನು ತೊಳೆಯುವಾಗ ವಾಟರ್ ಸರ್ವಿಸ್‌ನ ಜೋರು ಪ್ರೆಷರ್ ಹಿಡಿಯಬಾರದು, ತೆಳು ತಗಡಿನ ಫಿನ್ನುಗಳು ಮಡಚಿ ದಾರಿ ಇನ್ನಷ್ಟು ಮುಚ್ಚುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರು ಬಿಡಬೇಕು.

ಕಾರಣ ಸಿಕ್ಕಿತೆಂದು ಅಲ್ಲಿಗೆ ಮುಚ್ಚಿದ್ದರೆ ಗಾಡಿ ಏಪ್ರಿಲ್‌ನಲ್ಲಿ ಮತ್ತೆ ಬರುತ್ತಿತ್ತು. ಫ್ಯಾನ್ ತಿರುಗುತ್ತಿತ್ತು, ಆದರೆ ನಿಧಾನದ ವೇಗದಲ್ಲಿ ಮಾತ್ರ; ಜೋರು ವೇಗದ ರಿಲೇ ಸ್ವಿಚ್ಚಿನ ಒಳಗಿನ ಬಿಂದುಗಳು ಸುಟ್ಟು ಕರಕಲಾಗಿದ್ದವು. ಫ್ಯಾನ್ ತಿರುಗಿತು ಎಂದು ಕಣ್ಣಿಗೆ ಕಂಡರೆ ಸಾಲದು. ಸ್ಕ್ಯಾನರಿನಿಂದ ಎರಡೂ ವೇಗಗಳನ್ನು ಬೇರೆ ಬೇರೆಯಾಗಿ ಓಡಿಸಿ ನೋಡಬೇಕು. ಕೊನೆಯದಾಗಿ ಎಣ್ಣೆಯ ಮಟ್ಟವನ್ನು 40 ಡಿಗ್ರಿಯಲ್ಲಿ ನೋಡಿದಾಗ ಪ್ಲಗ್ಗಿನಿಂದ ಒಂದು ಹನಿಯೂ ಬರಲಿಲ್ಲ, ತುಂಬಿಸಲು ಸುಮಾರು ಕಾಲು ಲೀಟರ್ ಬೇಕಾಯಿತು. ಹಿಂದಿನವರು ಅದನ್ನು ಯಾವ ಬಿಸಿಯಲ್ಲಿ ನೋಡಿದ್ದರೆಂದು ಊಹಿಸುವುದು ಕಷ್ಟವಲ್ಲ.

ಕೂಲೆಂಟ್ ಸರಿಯಿದ್ದು ಗೇರ್‌ಬಾಕ್ಸ್ ಮಾತ್ರ ಕಾಯುವ ಗಾಡಿಯಲ್ಲಿ ಕೂಲರಿಗೆ ಹೋಗುವ ಮತ್ತು ಬರುವ ಪೈಪುಗಳ ಬಿಸಿಯನ್ನು ಅಳೆಯಬೇಕು. ಎರಡೂ ಒಂದೇ ಬಿಸಿಯಾಗಿದ್ದರೆ ಕೂಲರ್ ಬಿಸಿಯನ್ನು ಬಿಟ್ಟುಕೊಡುತ್ತಿಲ್ಲ. ಒಂದು ಸುಡುವಷ್ಟು ಬಿಸಿಯಿದ್ದು ಇನ್ನೊಂದು ಕೈಗೆ ತಣ್ಣಗೆ ತಾಗಿದರೆ ಎಣ್ಣೆ ಹರಿಯುತ್ತಲೇ ಇಲ್ಲ. ಹರಿವನ್ನು ಅಳೆಯಲು ಮರಳಿ ಬರುವ ಪೈಪನ್ನು ಲೀಟರ್ ಗುರುತಿರುವ ಕ್ಯಾನಿಗೆ ಬಿಟ್ಟು, ಇಂಜಿನ್ ಐಡಲಿನಲ್ಲಿ ಓಡಿಸಿ ಗಡಿಯಾರ ನೋಡಬೇಕು. ಇಪ್ಪತ್ತು ಮೂವತ್ತು ಸೆಕೆಂಡಿಗೆ ಸುಮಾರು ಒಂದು ಲೀಟರ್ ಎಂಬುದು ಬಳಕೆಯ ಅಂದಾಜು. ಆ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಅಂಕಿಯಿದ್ದರೆ ಅದೇ ಪ್ರಮಾಣ. ಥರ್ಮೋಸ್ಟ್ಯಾಟ್ ಇರುವ ಗೇರ್‌ಬಾಕ್ಸುಗಳಲ್ಲಿ ಎಣ್ಣೆ ತಣ್ಣಗಿರುವಾಗ ಹರಿವು ಇರುವುದೇ ಇಲ್ಲ, ಆದ್ದರಿಂದ ಬಿಸಿಯಾದ ಮೇಲೆಯೇ ಅಳೆಯಬೇಕು. ಹಿಂದೊಮ್ಮೆ ಕ್ಲಚ್ ಸೀದು ರಿಪೇರಿಯಾದ ಗಾಡಿಯಾಗಿದ್ದರೆ ಕೂಲರಿನ ಸಣ್ಣ ದಾರಿಗಳಲ್ಲಿ ಆಗಿನ ಕಸ ಕುಳಿತಿರುತ್ತದೆ. ಅದನ್ನು ಪೂರ್ತಿ ತೊಳೆದು ತೆಗೆದೆವೆಂದು ಧೈರ್ಯವಾಗಿ ಹೇಳಲಾಗದ್ದರಿಂದ ನಾವು ಕೂಲರನ್ನೇ ಬದಲಿಸುತ್ತೇವೆ.

ಸ್ಲಿಪ್ ಹುಡುಕುವುದು

ಲಾಕ್‌ಅಪ್ ಹಿಡಿಯುತ್ತಿದೆಯೇ ಎಂದು ನೋಡಲು ಸಮತಟ್ಟಾದ, ಖಾಲಿ ರಸ್ತೆಯಲ್ಲಿ 70–80ರ ವೇಗದಲ್ಲಿ ಆಕ್ಸಿಲರೇಟರನ್ನು ಅಲುಗಿಸದೆ ಹೋಗುತ್ತ, ಎಡಗಾಲಿನಿಂದ ಬ್ರೇಕನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಮುಟ್ಟಬೇಕು. ಆಗ ಲಾಕ್‌ಅಪ್ ಬಿಟ್ಟು ಇಂಜಿನ್ನಿನ ಆರ್‌ಪಿಎಂ ನೂರಿನ್ನೂರು ಏರಿ, ಕಾಲು ತೆಗೆದ ಮೇಲೆ ಮತ್ತೆ ಇಳಿದರೆ ಲಾಕ್‌ಅಪ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಅದು ಹಿಡಿದೇ ಇರಲಿಲ್ಲ. ಪಿ0741 ಕೋಡ್ ಹೇಳುವುದೂ ಇದನ್ನೇ. ಸ್ಕ್ಯಾನರಿನಲ್ಲಿ ಲಾಕ್‌ಅಪ್ ಪೂರ್ತಿ ಕಟ್ಟಿದೆ ಎಂದು ಬರುತ್ತಿರುವಾಗಲೂ ಇಂಜಿನ್ 2150, ಟರ್ಬೈನ್ 2000 ಎಂದು ತೋರಿಸಿದರೆ ಆ 150ರ ಅಂತರವೇ ಬಿಸಿಯ ಮೂಲ. ಕೆಲವು ಗಾಡಿಗಳು ಅದುರುವಿಕೆ ತಪ್ಪಿಸಲು ಬೇಕೆಂದೇ ಹತ್ತಾರು ಆರ್‌ಪಿಎಂ ಸ್ಲಿಪ್ ಬಿಡುತ್ತವೆ, ಅದು ದೋಷವಲ್ಲ.

ಲಾಕ್‌ಅಪ್ ಹಿಡಿಯಲಿಲ್ಲವೆಂದರೆ ಕನ್ವರ್ಟರೇ ಕೆಟ್ಟಿದೆ ಎಂದಾಗುವುದಿಲ್ಲ. ಎಣ್ಣೆಯ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವಾದ ಸೊಲೆನಾಯ್ಡ್, ಅದರ ವೈರಿಂಗ್, ವಾಲ್ವ್ ಬಾಡಿಯ ಸವಕಳಿ ಎಲ್ಲವನ್ನೂ ಅದಕ್ಕಿಂತ ಮೊದಲು ನೋಡಬೇಕು. ಗೇರ್‌ಬಾಕ್ಸನ್ನು ಕೆಳಗಿಳಿಸದೆ ಮಾಡಬಹುದಾದ ಕೆಲಸಗಳು ಇವು. ಬ್ರೇಕ್ ಒತ್ತಿ, ‘ಡಿ’ಯಲ್ಲಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತುಳಿದು ಆರ್‌ಪಿಎಂ ನೋಡುವ ಸ್ಟಾಲ್ ಪರೀಕ್ಷೆಯನ್ನು ಬಿಸಿಯ ದೂರಿನ ಗಾಡಿಯಲ್ಲಿ ನಾವು ಮಾಡುವುದಿಲ್ಲ. ಐದು ಸೆಕೆಂಡ್ ಮೀರಬಾರದೆಂಬ ನಿಯಮವಿದೆ, ಆದರೆ ಆ ಐದು ಸೆಕೆಂಡ್ ಇಂಜಿನ್ನಿನ ಇಡೀ ಶಕ್ತಿ ಎಣ್ಣೆಯಲ್ಲೇ ಬಿಸಿಯಾಗುತ್ತದೆ. ಸೀದ ಕ್ಲಚ್ಚಿಗೆ ಅದೇ ಕೊನೆಯ ಏಟಾಗಬಹುದು.

ಎಲ್ಲವೂ ಸರಿಯಿದ್ದು ಬಿಸಿಯಾಗುವ ಗಾಡಿ

ಇಂಥವೂ ಇವೆ, ಮತ್ತು ಮಾಲೀಕರಿಗೆ ಇದನ್ನು ಹೇಳುವುದು ಗಾಡಿ ಬಿಚ್ಚುವುದಕ್ಕಿಂತ ಕಷ್ಟ. ಏರಿನಲ್ಲಿ ಜಾಮಾದಾಗ ಬ್ರೇಕ್ ಹಿಡಿಯದೆ, ಆಕ್ಸಿಲರೇಟರಿನಲ್ಲೇ ಗಾಡಿ ಹಿಂದೆ ಜಾರದಂತೆ ತಡೆದು ನಿಲ್ಲುವ ಅಭ್ಯಾಸ ಬಹಳ ಜನರಿಗಿದೆ. ಗಾಡಿ ನಿಂತಿದೆ, ಶಕ್ತಿಯೆಲ್ಲ ಎಣ್ಣೆಗೆ ಹೋಗುತ್ತಿದೆ. ಎರಡನೆಯದು, ‘ಡಿ’ಯಲ್ಲೇ ಬಿಟ್ಟು ಘಾಟಿ ಹತ್ತುವುದು. ಗೇರ್‌ಬಾಕ್ಸು ಎರಡನೆಯ ಮತ್ತು ಮೂರನೆಯ ಗೇರುಗಳ ನಡುವೆ ಹೋಗಿಬಂದು ಮಾಡುತ್ತ, ಪ್ರತಿ ಬದಲಾವಣೆಗೂ ಒಂದಿಷ್ಟು ಬಿಸಿ ಸೇರಿಸುತ್ತದೆ. ಕೈಯಾರೆ ಎರಡನೆಯ ಗೇರಿಗೆ ಹಾಕಿ ಅಲ್ಲೇ ಉಳಿಸಿದರೆ ಇಂಜಿನ್ ಸದ್ದು ಹೆಚ್ಚಾಗುತ್ತದೆ, ಆದರೆ ಟರ್ಬೈನ್ ಇಂಜಿನ್ನಿನ ವೇಗಕ್ಕೆ ಹತ್ತಿರವಾಗಿ ಸ್ಲಿಪ್ ಇಳಿಯುತ್ತದೆ, ಪಂಪಿನ ಎಣ್ಣೆ ಮತ್ತು ಕೂಲೆಂಟ್ ಎರಡೂ ಜೋರಾಗಿ ಹರಿಯುತ್ತವೆ. ಸದ್ದಿಗೆ ಹೆದರಿ ಮೇಲಿನ ಗೇರಿಗೆ ಹಾಕುವವರೇ ಹೆಚ್ಚು. ಇಳಿಯುವಾಗಲೂ ಅಷ್ಟೆ, ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕಿದರೆ ಬ್ರೇಕಿಗೆ ಇಂಜಿನ್ನಿನ ಆಸರೆ ತಪ್ಪುತ್ತದೆ.

ಮೇಲೆ ಲಗೇಜು ಕಟ್ಟಿ, ಏಳು ಜನ ಕೂತು ವಾರಕ್ಕೆರಡು ಸಲ ಘಾಟಿ ಹತ್ತಲೇಬೇಕಾದವರಿಗೆ ಹೆಚ್ಚುವರಿ ಆಯಿಲ್ ಕೂಲರ್ ಹಾಕಿಸುವುದು ಯೋಗ್ಯವೇ. ರೇಡಿಯೇಟರಿನ ಕೂಲರಿನಿಂದ ಹೊರಬಂದ ಎಣ್ಣೆ ಇದರ ಮೂಲಕ ಹಾದು ಗೇರ್‌ಬಾಕ್ಸಿಗೆ ಮರಳುವಂತೆ ಜೋಡಿಸಬೇಕು, ಗೇರ್‌ಬಾಕ್ಸ್ ಎಣ್ಣೆಗೆಂದೇ ಇರುವ ಹೋಸ್ ಪೈಪನ್ನೇ ಬಳಸಬೇಕು. ಸ್ಲಿಪ್ ಇರುವ ಗೇರ್‌ಬಾಕ್ಸಿಗೆ ಕೂಲರ್ ಹಾಕಿಸುವುದು ಮಾತ್ರ ಸೋರುವ ಮಾಡಿನ ಕೆಳಗೆ ಇನ್ನೂ ದೊಡ್ಡ ಪಾತ್ರೆ ಇಟ್ಟ ಹಾಗೆ.

ಬೇರೆ ಬಗೆಯ ಗೇರ್‌ಬಾಕ್ಸುಗಳು

ಎಎಂಟಿಯಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಮ್ಯಾನುಯಲ್ ಗಾಡಿಯ ಕ್ಲಚ್ ಪ್ಲೇಟನ್ನೇ ಯಂತ್ರ ಒತ್ತಿ ಬಿಡುತ್ತದೆ. ಅದು ಬಿಸಿಯಾಯಿತೆಂದರೆ ಪ್ಲೇಟು ಸೀಯುತ್ತಿದೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನ ಡಿಸಿಟಿಗೂ ಇದೇ ಅನ್ವಯಿಸುತ್ತದೆ. ಬೆಂಗಳೂರಿನ ಜಾಮಿನಲ್ಲಿ ಅಂಗುಲ ಅಂಗುಲವಾಗಿ ತೆವಳುವುದೇ ಅದಕ್ಕೆ ದೊಡ್ಡ ಶತ್ರು. ಮುಂದಿನ ಗಾಡಿಗೆ ಅಂಟಿಕೊಳ್ಳದೆ ಸ್ವಲ್ಪ ಜಾಗ ಬಿಟ್ಟು, ಕ್ಲಚ್ ಪೂರ್ತಿ ಹಿಡಿಯುವಷ್ಟು ದೂರ ಒಮ್ಮೆಲೇ ಹೋಗುವುದು ಉಪಾಯ. ಸಿವಿಟಿಯಲ್ಲಿ ಎಣ್ಣೆ ಕಾದರೆ ಕಂಪ್ಯೂಟರೇ ಇಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತದೆ. ಪಿಕಪ್ ಹೋಯಿತೆಂದು ಬಂದ ಗಾಡಿಯ ನಿಜವಾದ ದೂರು ಬಿಸಿಯೇ ಆಗಿರಬಹುದು. ಅದಕ್ಕೆ ಸಿವಿಟಿ ಎಣ್ಣೆಯನ್ನಲ್ಲದೆ ಬೇರೆ ಎಣ್ಣೆ ಹಾಕಿದರೆ ಬೆಲ್ಟೂ ಪುಲ್ಲಿಯೂ ಹಾಳಾಗುತ್ತವೆ.

ರಿಪೇರಿ ಮುಗಿದ ಮೇಲೆ

ಒಮ್ಮೆ 120 ದಾಟಿ ಕಾದ ಎಣ್ಣೆಯನ್ನು ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಬೇಕು. ಜೀವಮಾನಕ್ಕೆ ಒಂದೇ ಎಣ್ಣೆ ಸಾಕೆಂಬ ಮಾತಿಗೆ ನಾವು ಬೆಲೆ ಕೊಡುವುದಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ ತನ್ನ ಗೇರ್‌ಬಾಕ್ಸುಗಳಿಗೆ ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಲು ಹೇಳುತ್ತದೆ. ಚೇಂಬರಿನ ಪ್ಲಗ್ ಬಿಚ್ಚಿದರೆ ಹೊರಬರುವುದು ಅರ್ಧದಷ್ಟು ಮಾತ್ರ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಆದ್ದರಿಂದ ಬದಲಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಬದಲಿಸುವುದು ವಾಡಿಕೆ. ತಯಾರಕರು ಹೇಳಿದ ಗುರುತಿನ ಎಣ್ಣೆಯೇ ಬೇಕು. ಟೊಯೊಟಾದ ಡಬ್ಲ್ಯುಎಸ್, ಹ್ಯುಂಡೈಯ ಎಸ್‌ಪಿ-4, ಡೆಕ್ಸ್‌ರಾನ್-6 ಇವೆಲ್ಲ ನೋಡಲು ಕೆಂಪಾಗಿದ್ದರೂ ಕ್ಲಚ್ ಹಿಡಿಯುವ ಗುಣದಲ್ಲಿ ಬೇರೆ ಬೇರೆ.

ಗಾಡಿಯನ್ನು ಮಾಲೀಕರಿಗೆ ಒಪ್ಪಿಸುವ ಮೊದಲು ದೂರು ಬಂದ ರಸ್ತೆಯಲ್ಲೇ, ಅಷ್ಟೇ ಜನ ಕೂತು, ಸ್ಕ್ಯಾನರ್ ಹಾಕಿಕೊಂಡು ಓಡಿಸಬೇಕು. ಆ ಏಳು ಸೀಟಿನ ಗಾಡಿಯನ್ನು ಮಾರನೆಯ ದಿನ ಮಧ್ಯಾಹ್ನದ ಬಿಸಿಲಿನಲ್ಲಿ, ಎಸಿ ಹಾಕಿಕೊಂಡೇ, ಚಾರ್ಮಾಡಿಯಿಂದ ಮೇಲೆ ತಂದೆವು. ಕೊಟ್ಟಿಗೆಹಾರದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಜಾಬ್ ಕಾರ್ಡಿನ ಹಿಂದೆ ಬರೆದುಕೊಂಡ ಗರಿಷ್ಠ ಅಂಕಿಗಳು: ಕೂಲೆಂಟ್ 96, ಗೇರ್‌ಬಾಕ್ಸ್ 101.